ಪ್ಲಾಸ್ಮಾ ಕೊಟ್ಟರೆ ದುಡ್ಡು ಬರುತ್ತದೆಯೇ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹೋದ ವಾರದ ಪಾಠದಲ್ಲಿ ‘ರಕ್ತ’ ಅನ್ನುವ ಪದ ಬಂತು. ‘ಕ’ಗೆ ‘ತ’ ಒತ್ತು. ಎಲ್ಲರೂ ಚೆನ್ನಾಗಿ ಬರೆದಿರಿ. ಬರೆದಾದ ಮೇಲೆ ಒಬ್ಬರು ಕೇಳಿದರು. “ಪ್ಲಾಸ್ಮಾ ಅಂತ ಒಂದು ಇದೆಯಂತೆ. ಅದನ್ನ ಕೊಟ್ಟರೆ ಸಾವಿರಗಟ್ಟಲೆ ದುಡ್ಡು ಕೊಡ್ತಾರಂತೆ. ಹೌದಾ?” ಪಕ್ಕದವರು, “ಸಂಘದ ಕಂತಿಗೆ ಆಗುತ್ತೆ ಬಿಡಿ” ಅಂದರು. ಎಲ್ಲರೂ ನಕ್ಕರು. ಆದರೆ ನಗು ನಿಂತ ಮೇಲೂ ಮೂರು ನಾಲ್ಕು ಜನ ಉತ್ತರಕ್ಕೆ ಕಾಯುತ್ತಾ ಕೂತಿದ್ದರು.

ಕಂತು ಕಟ್ಟುವ ದಿನ ಹತ್ತಿರ ಬಂದಾಗ ಮನೆಯಲ್ಲಿ ಮಾರುವಂಥದ್ದು ಏನಿದೆ ಅಂತ ನಾವು ಹುಡುಕುತ್ತೇವೆ. ಕೋಳಿ ಮಾರ್ತೀವಿ. ಓಲೆ ಅಡ ಇಡ್ತೀವಿ. ಏನೂ ಇಲ್ಲದಾಗ ಮೈ ಒಂದೇ ಉಳಿದಿರುತ್ತದೆ. ಆದ್ದರಿಂದ ಇದು ನಕ್ಕು ಬಿಡುವ ಪ್ರಶ್ನೆ ಅಲ್ಲ.

ಮೊದಲು ನೇರ ಉತ್ತರ ಕೇಳಿ. ನಮ್ಮ ದೇಶದಲ್ಲಿ ರಕ್ತವನ್ನಾಗಲಿ, ಪ್ಲಾಸ್ಮಾವನ್ನಾಗಲಿ ದುಡ್ಡಿಗೆ ಕೊಡುವ ಹಾಗಿಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳುವ ಹಾಗೂ ಇಲ್ಲ. 1998ರ ಜನವರಿ 1ರಿಂದ ಇದು ನಿಂತಿದೆ. ಯಾಕೆ ನಿಲ್ಲಿಸಿದರು ಅನ್ನುವುದು ದೊಡ್ಡ ಕತೆ.

ಪ್ಲಾಸ್ಮಾ ಅಂದರೆ ಏನು? ಮಜ್ಜಿಗೆಯನ್ನು ಒಂದು ಲೋಟಕ್ಕೆ ಹಾಕಿ, ಅಲ್ಲಾಡಿಸದೆ ಇಡಿ. ಸ್ವಲ್ಪ ಹೊತ್ತಿಗೆ ಗಟ್ಟಿ ಕೆಳಗೆ ಕೂರುತ್ತದೆ. ಮೇಲೆ ತಿಳಿ ನಿಲ್ಲುತ್ತದೆ. ರಕ್ತವೂ ಹಾಗೆಯೇ. ಹೆಪ್ಪುಗಟ್ಟದ ಹಾಗೆ ಔಷಧಿ ಬೆರೆಸಿ ಗಾಜಿನ ಕೊಳವೆಯಲ್ಲಿ ಇಟ್ಟರೆ ಕೆಂಪು ಕೆಳಗೆ ಇಳಿಯುತ್ತದೆ. ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಆ ತಿಳಿಯೇ ಪ್ಲಾಸ್ಮಾ. ನಮ್ಮ ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇರುವುದು ಇದೇ.

ಪ್ಲಾಸ್ಮಾದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ಉಳಿದ ಪಾಲು ಚಿಕ್ಕದು, ಆದರೆ ಅದರಲ್ಲೇ ಎಲ್ಲ ಇದೆ. ರೋಗದ ಜೊತೆ ಹೋರಾಡುವ ಅಂಶ ಅದರಲ್ಲಿದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಅಂಶ ಅದರಲ್ಲಿದೆ. ಮೈ ಸುಟ್ಟುಕೊಂಡವರಿಗೆ, ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದ ಬಾಣಂತಿಗೆ ಪ್ಲಾಸ್ಮಾ ಬೇಕಾಗುತ್ತದೆ. ಹಿಮೋಫಿಲಿಯಾ ಅಂತ ಒಂದು ಕಾಯಿಲೆ ಇದೆ. ಹೆಚ್ಚಾಗಿ ಗಂಡುಮಕ್ಕಳಿಗೆ ಹುಟ್ಟಿನಿಂದ ಬರುತ್ತದೆ. ಚಿಕ್ಕ ಗಾಯವಾದರೂ ರಕ್ತ ನಿಲ್ಲುವುದಿಲ್ಲ. ಅದಕ್ಕೆ ಕೊಡುವ ಔಷಧಿಯನ್ನು ಪ್ಲಾಸ್ಮಾದಿಂದಲೂ ತಯಾರಿಸುತ್ತಾರೆ. ನೆಗೆಟಿವ್ ಗುಂಪಿನ ರಕ್ತ ಇರುವ ತಾಯಿಗೆ ಹೆರಿಗೆಯ ಹೊತ್ತಿನಲ್ಲಿ ಆಂಟಿ-ಡಿ ಅಂತ ಒಂದು ಇಂಜೆಕ್ಷನ್ ಹಾಕುತ್ತಾರೆ. ಅದೂ ಪ್ಲಾಸ್ಮಾದಿಂದಲೇ ತಯಾರಾಗುತ್ತಾ ಬಂದ ಔಷಧಿ. ಯಾರೋ ಗೊತ್ತಿಲ್ಲದವರು ಕೊಟ್ಟ ತಿಳಿ ನಮ್ಮಲ್ಲಿ ಕೆಲವರ ಮಕ್ಕಳನ್ನು ಕಾಪಾಡಿದೆ.

ಇಷ್ಟು ಬೆಲೆಯುಳ್ಳದ್ದು ಅಂದ ಮೇಲೆ ದುಡ್ಡಿನ ಮಾತು ಬಂದೇ ಬರುತ್ತದೆ.

ಅಮೆರಿಕದಲ್ಲಿ ಪ್ಲಾಸ್ಮಾ ಕೊಟ್ಟರೆ ದುಡ್ಡು ಕೊಡ್ತಾರೆ. ಅದು ನಿಜ. ಅಲ್ಲಿ ಕಾನೂನು ಅದಕ್ಕೆ ಒಪ್ಪಿದೆ. ಕೈಗೆ ಸೂಜಿ ಹಾಕಿ ಯಂತ್ರಕ್ಕೆ ಜೋಡಿಸ್ತಾರೆ. ಯಂತ್ರ ರಕ್ತ ಎಳೆದು, ತಿಳಿಯನ್ನು ಮಾತ್ರ ಇಟ್ಟುಕೊಂಡು, ಕೆಂಪನ್ನು ಅದೇ ಮನುಷ್ಯರ ಮೈಗೆ ವಾಪಸು ಕಳಿಸುತ್ತದೆ. ಕೆಂಪು ವಾಪಸು ಬರುವುದರಿಂದ ಬೇಗ ಬೇಗ ಕೊಡಬಹುದು. ವಾರಕ್ಕೆ ಎರಡು ಸಲ ಕೊಡಲು ಅಲ್ಲಿ ಅನುಮತಿ ಇದೆ. ಕೆಲಸ ಕಳೆದುಕೊಂಡವರು, ಓದುವ ಹುಡುಗರು, ಒಬ್ಬಳೇ ದುಡಿದು ಮಕ್ಕಳನ್ನು ಸಾಕುವ ತಾಯಂದಿರು ಅಲ್ಲಿ ಸಾಲಾಗಿ ಕೂತಿರುತ್ತಾರೆ. ಬಂದ ದುಡ್ಡಿನಲ್ಲಿ ಬಾಡಿಗೆ ಕಟ್ತಾರೆ, ದಿನಸಿ ತರ್ತಾರೆ. ಲೋಕದಲ್ಲಿ ಔಷಧಿಗೆ ಬೇಕಾಗುವ ಪ್ಲಾಸ್ಮಾದಲ್ಲಿ ಹೆಚ್ಚಿನ ಪಾಲು ಅಲ್ಲಿಂದಲೇ ಬರುತ್ತದೆ. ಶ್ರೀಮಂತ ದೇಶದಲ್ಲೂ ಬಡವರ ತೋಳಿಗೇ ಸೂಜಿ. ಇದನ್ನು ನೆನಪಿಡಿ.

ಹಾಗಂತ ಅಲ್ಲಿ ಕೊಡುವವರೆಲ್ಲ ಸಾಯುತ್ತಾರೆ ಅಂತ ನಾವು ಹೇಳೋದಿಲ್ಲ. ಅದು ಸುಳ್ಳಾಗುತ್ತದೆ. ಅಲ್ಲಿ ಒಬ್ಬರಿಗೆ ಬಳಸಿದ ಕೊಳವೆ, ಸೂಜಿ ಇನ್ನೊಬ್ಬರಿಗಿಲ್ಲ. ಪ್ಲಾಸ್ಮಾವನ್ನು ಕಾರ್ಖಾನೆಯಲ್ಲಿ ಬಿಸಿಮಾಡಿ, ಔಷಧಿ ಹಾಕಿ ರೋಗಾಣು ಸಾಯಿಸುತ್ತಾರೆ. ಆದರೂ ಮೇಲಿಂದ ಮೇಲೆ ಕೊಡುವವರ ಮೈಯಲ್ಲಿ ರೋಗದ ಜೊತೆ ಹೋರಾಡುವ ಅಂಶ ಕಡಿಮೆಯಾಗುವುದು ಕಂಡಿದೆ.

ದುಡ್ಡಿನ ಆಸೆ ಒಂದು ಕಡೆ, ಎಚ್ಚರಿಕೆ ಇಲ್ಲದ ಕೆಲಸ ಇನ್ನೊಂದು ಕಡೆ ಸೇರಿದರೆ ಏನಾಗುತ್ತದೆ ಅನ್ನುವುದನ್ನು ಚೀನಾ ದೇಶದಲ್ಲಿ ನೋಡಬಹುದು. ಈ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಅಲ್ಲಿದ್ದವರೂ ನಮ್ಮ ಹಾಗೆ ಹೊಲ ಉಳುವ ಜನ.

ಚೀನಾದಲ್ಲಿ ಹೆನಾನ್ ಅಂತ ಒಂದು ಪ್ರಾಂತ ಇದೆ. ಗೋಧಿ ಬೆಳೆಯುವ ಬಯಲು ಸೀಮೆ. 1990ರ ನಂತರದ ಕೆಲವು ವರ್ಷ ಅಲ್ಲಿ ಹಳ್ಳಿಹಳ್ಳಿಗೆ ಪ್ಲಾಸ್ಮಾ ಕೊಳ್ಳುವ ಕೇಂದ್ರಗಳು ಬಂದವು. ಕೆಲವನ್ನು ಸರ್ಕಾರದ ಇಲಾಖೆಯವರೇ ತೆರೆದರು. ಕೆಲವನ್ನು ಕಳ್ಳತನದಲ್ಲಿ ನಡೆಸಿದರು. ಬಾವಿ ನೀರು ಸೇದಿದಷ್ಟೂ ಊರುತ್ತದೆ, ರಕ್ತವೂ ಹಾಗೇ ಅಂತ ಜನರನ್ನು ನಂಬಿಸಿದರು. ಒಂದು ಸಲ ಕೊಟ್ಟರೆ ಸಿಗುವ ದುಡ್ಡು ಎಷ್ಟೋ ದಿನದ ಕೂಲಿಗೆ ಸಮ. ಗಂಡ ಹೆಂಡತಿ ಇಬ್ಬರೂ ಹೋದರು. ಗೊಬ್ಬರ ತಂದರು. ಮಕ್ಕಳ ಫೀಸು ಕಟ್ಟಿದರು. ಇಟ್ಟಿಗೆ ಮನೆ ಕಟ್ಟಿದರು.

ಅಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಗೊತ್ತೇ? ಒಬ್ಬೊಬ್ಬರ ರಕ್ತವನ್ನು ಬೇರೆ ಬೇರೆ ಇಡಲಿಲ್ಲ. ಒಂದೇ ಗುಂಪಿನ ಹಲವರ ರಕ್ತವನ್ನು ಒಟ್ಟಿಗೆ ಸುರಿದರು. ಯಂತ್ರದಲ್ಲಿ ತಿರುಗಿಸಿ ತಿಳಿ ತೆಗೆದರು. ಉಳಿದ ಕೆಂಪನ್ನು ಹಂಚಿ ಎಲ್ಲರ ಮೈಗೂ ವಾಪಸು ಏರಿಸಿದರು. ಯಾಕೆ? ಕೆಂಪು ವಾಪಸು ಹೋದರೆ ಜನಕ್ಕೆ ಸುಸ್ತು ಕಡಿಮೆ. ಬೇಗ ಇನ್ನೊಂದು ಸಲ ಬರ್ತಾರೆ.

ಡೈರಿಯಲ್ಲಿ ನೋಡಿದ್ದೀವಲ್ಲ. ಹತ್ತು ಮನೆಯ ಹಾಲನ್ನು ಒಂದೇ ಕ್ಯಾನಿಗೆ ಸುರಿಯುತ್ತಾರೆ. ಒಂದು ಮನೆಯ ಹಾಲು ಕೆಟ್ಟಿದ್ದರೆ ಇಡೀ ಕ್ಯಾನು ಕೆಡುತ್ತದೆ. ಅಲ್ಲಿ ಆದದ್ದೂ ಅದೇ. ಒಬ್ಬರ ರಕ್ತದಲ್ಲಿ ಎಚ್.ಐ.ವಿ. ಇತ್ತು. ಅದು ಎಲ್ಲರ ಮೈಗೂ ಹೋಯಿತು. ಅವರು ಮನೆಗೆ ಹೋದರು. ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ, ತಾಯಿಯಿಂದ ಹೊಟ್ಟೆಯಲ್ಲಿದ್ದ ಮಗುವಿಗೆ ಹೋಯಿತು. ಕೆಲವು ವರ್ಷ ಏನೂ ಕಾಣಲಿಲ್ಲ. ಆಮೇಲೆ ಜ್ವರ, ಭೇದಿ, ಮೈ ಒಣಗುವುದು. ಕೆಲವು ಹಳ್ಳಿಗಳಲ್ಲಿ ಮನೆ ಮನೆಯಲ್ಲೂ ಸಾವಾಯಿತು. ಮುದುಕರು ಮೊಮ್ಮಕ್ಕಳನ್ನು ಸಾಕಬೇಕಾಯಿತು. ಒಟ್ಟು ಎಷ್ಟು ಜನಕ್ಕೆ ಅಂಟಿತು ಎಂಬ ಪೂರ್ತಿ ಲೆಕ್ಕ ಹೊರಗೆ ಬರಲೇ ಇಲ್ಲ.

ಇದನ್ನು ಲೋಕಕ್ಕೆ ಹೇಳಿದವರಲ್ಲಿ ಇಬ್ಬರು ಹೆಂಗಸರು ಮುಖ್ಯ. ಇಬ್ಬರೂ ಡಾಕ್ಟರು. ಒಬ್ಬರು ವಾಂಗ್ ಶುಪಿಂಗ್. ಅವರು ಇಂಥ ಒಂದು ಕೇಂದ್ರದಲ್ಲಿಯೇ ಕೆಲಸಕ್ಕಿದ್ದರು. ಮೊದಲು ಕಾಮಾಲೆ ಹರಡುತ್ತಿದೆ ಅಂತ ಕಂಡು ಹೇಳಿದರು. ಆಮೇಲೆ, 1995ರಲ್ಲಿ, ಎಚ್.ಐ.ವಿ. ಹರಡುತ್ತಿದೆ ಅಂತ ಪರೀಕ್ಷೆ ಮಾಡಿ ತೋರಿಸಿದರು. ಬಹುಮಾನ ಸಿಗಲಿಲ್ಲ. ಕೆಲಸ ಹೋಯಿತು.

ಇನ್ನೊಬ್ಬರು ಗಾವ್ ಯಾವ್‌ಜೀ. ಹೆಂಗಸರ ಕಾಯಿಲೆಯ ಡಾಕ್ಟರು. ಹುಟ್ಟಿದ್ದು 1927ರಲ್ಲಿ. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳ ಪಾದ ಬೆಳೆಯದ ಹಾಗೆ ಬಟ್ಟೆ ಸುತ್ತಿ ಬಿಗಿದು ಕಟ್ಟುವ ಪದ್ಧತಿ ಇತ್ತು. ಇವರ ಪಾದವನ್ನೂ ಕಟ್ಟಿದ್ದರು. ನಡೆದರೆ ನೋವು. ಕೆಲಸದಿಂದ ನಿವೃತ್ತಿ ಆದ ಮೇಲೆ, 1996ರಲ್ಲಿ, ರಕ್ತ ಹಾಕಿಸಿಕೊಂಡು ಏಡ್ಸ್ ಅಂಟಿದ ಒಬ್ಬ ಹೆಂಗಸನ್ನು ನೋಡಿದರು. ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಆ ಪಾದದಲ್ಲೇ ಹಳ್ಳಿಹಳ್ಳಿ ತಿರುಗಿದರು. ತಮ್ಮ ದುಡ್ಡಿನಲ್ಲಿ ಕರಪತ್ರ ಅಚ್ಚು ಹಾಕಿಸಿ ಹಂಚಿದರು. ಈ ಕಾಯಿಲೆ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಅಂತ ಅದರಲ್ಲಿ ಬರೆದಿರುತ್ತಿತ್ತು. ತಂದೆ ತಾಯಿ ಇಲ್ಲದ ಮಕ್ಕಳಿಗೆ ದುಡ್ಡು ಕಳಿಸಿದರು. ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಮನೆಯಿಂದ ಹೊರಗೆ ಬಿಡದೆ ಕಾವಲು ಹಾಕಿದ ದಿನಗಳೂ ಇದ್ದವು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಬಂದದ್ದು ಇದೇ ಪ್ರಶಸ್ತಿ. ಕೊನೆಗೆ 2009ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋದರು. 2023ರ ಡಿಸೆಂಬರಿನಲ್ಲಿ ತೀರಿಕೊಂಡರು.

ಒಂದು ಕರಪತ್ರ ಓದಿದ್ದರಿಂದ ಉಳಿದ ಜೀವಗಳಿವೆ. ಓದು ಬರಹ ಯಾಕೆ ಅಂತ ಕೇಳುವವರಿಗೆ ಈ ಅಜ್ಜಿಯ ಕತೆ ಹೇಳಿ.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿಯೂ ಮೊದಲು ರಕ್ತ ಮಾರುತ್ತಿದ್ದರು. ದೊಡ್ಡ ಊರುಗಳ ಆಸ್ಪತ್ರೆ ಮುಂದೆ ರಕ್ತ ಮಾರಿಯೇ ಬದುಕುವ ಜನ ಇದ್ದರು. ರಿಕ್ಷಾ ಎಳೆಯುವವರು, ಕೂಲಿ ಸಿಗದವರು, ಕುಡಿತದ ಚಟಕ್ಕೆ ಬಿದ್ದವರು. ದುಡ್ಡು ಬೇಕು ಅನ್ನುವವರು ಕಾಯಿಲೆ ಇದ್ದರೂ ಹೇಳುವುದಿಲ್ಲ. ಹೇಳಿದರೆ ದುಡ್ಡು ಸಿಗೋದಿಲ್ಲವಲ್ಲ! ಹೋದ ವಾರ ಕೊಟ್ಟಿದ್ದರೂ ಕೊಟ್ಟಿಲ್ಲ ಅನ್ನುತ್ತಾರೆ. ಅವರನ್ನು ಬೈಯುವುದು ಸುಲಭ. ಹಸಿದವರು ಸುಳ್ಳು ಹೇಳಿದರೆ ತಪ್ಪು ಯಾರದು? ದುಡ್ಡು ತೋರಿಸಿ ಕರೆದವರದು ಅಂತ ನಮ್ಮ ಅಭಿಪ್ರಾಯ.

ಪರೀಕ್ಷೆ ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ಮಾಡುತ್ತಾರೆ. ಎಚ್.ಐ.ವಿ., ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಇವಿಷ್ಟನ್ನೂ ನೋಡಲೇಬೇಕು. ಆದರೆ ರೋಗ ಹೊಸದಾಗಿ ಅಂಟಿದ್ದರೆ ಮೊದಲ ಕೆಲವು ದಿನ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆ ದಿನಗಳಲ್ಲಿ ನಮ್ಮನ್ನು ಕಾಪಾಡುವುದು ಕೊಡುವವರು ಹೇಳುವ ನಿಜ ಒಂದೇ.

ದೆಹಲಿಯ ಕಾಮನ್ ಕಾಸ್ ಎಂಬ ಸಂಸ್ಥೆ ಇದನ್ನು ಸುಪ್ರೀಂ ಕೋರ್ಟಿಗೆ ತಂದಿತು. 1996ರ ಜನವರಿ 4ರಂದು ತೀರ್ಪು ಬಂತು. ಎರಡು ವರ್ಷದೊಳಗೆ ರಕ್ತ ಮಾರುವುದು ನಿಲ್ಲಬೇಕು, ಲೈಸೆನ್ಸ್ ಇಲ್ಲದ ಬ್ಲಡ್ ಬ್ಯಾಂಕ್ ಇರಬಾರದು ಅಂತ ಕೋರ್ಟು ಹೇಳಿತು. ಹಾಗೆ ಬಂದದ್ದು 1998ರ ನಿಷೇಧ.

ನಿಷೇಧ ಬಂದರೂ ಕಳ್ಳದಾರಿ ಮುಚ್ಚಲಿಲ್ಲ. 2008ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರದಲ್ಲಿ ಒಂದು ಸಂಗತಿ ಬಯಲಾಯಿತು. ಬಡ ಕೂಲಿಯವರನ್ನು ಕೋಣೆಯಲ್ಲಿ ಕೂಡಿಹಾಕಿ ಮತ್ತೆ ಮತ್ತೆ ರಕ್ತ ತೆಗೆದು ಮಾರುತ್ತಿದ್ದರು. ಪೊಲೀಸರು ಬಿಡಿಸಿದಾಗ ಅವರಿಗೆ ಎದ್ದು ನಿಲ್ಲಲೂ ಶಕ್ತಿ ಇರಲಿಲ್ಲ.

“ಹಾಗಾದ್ರೆ ಪ್ಲಾಸ್ಮಾಕ್ಕೆ ಸಾವಿರಗಟ್ಟಲೆ ದುಡ್ಡು ಅನ್ನೋ ಮಾತು ಎಲ್ಲಿಂದ ಬಂತು?” ಅದಕ್ಕೂ ಮೂಲ ಇದೆ. ಕೊರೊನಾ ಬಂದ ವರ್ಷ, 2020ರ ಜುಲೈ ತಿಂಗಳು. ಕೊರೊನಾ ಬಂದು ವಾಸಿಯಾದವರ ಪ್ಲಾಸ್ಮಾವನ್ನು ಕಾಯಿಲೆ ಜೋರಾದವರಿಗೆ ಹಾಕಿದರೆ ಬದುಕಬಹುದು ಎಂಬ ಆಸೆ ಎಲ್ಲ ಕಡೆ ಇತ್ತು. ಕೊಡಲು ಜನ ಮುಂದೆ ಬರಲಿಲ್ಲ. ಆಗ ನಮ್ಮ ರಾಜ್ಯ ಸರ್ಕಾರ, ಪ್ಲಾಸ್ಮಾ ಕೊಟ್ಟವರಿಗೆ 5,000 ರೂಪಾಯಿ ಕೊಡುತ್ತೇವೆ ಅಂತ ಸಾರಿತು. ಬೆಲೆ ಅನ್ನಲಿಲ್ಲ, ಪ್ರೋತ್ಸಾಹಧನ ಅಂದಿತು. ಹೆಸರು ಏನೇ ಇಡಲಿ, ಜನರ ಕಿವಿಗೆ ಬಿದ್ದದ್ದು ಐದು ಸಾವಿರ. ಆ ಮಾತು ಇನ್ನೂ ತಿರುಗುತ್ತಲೇ ಇದೆ.

ಆ ಚಿಕಿತ್ಸೆಯ ಕತೆ ಏನಾಯಿತು? ನಮ್ಮ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಪ್ಲಾಸ್ಮಾ ಹಾಕಿದರೂ ಸಾವು ಕಡಿಮೆಯಾಗಲಿಲ್ಲ. 2021ರ ಮೇ ತಿಂಗಳಲ್ಲಿ ಅದನ್ನು ಕೊರೊನಾ ಚಿಕಿತ್ಸೆಯ ಪಟ್ಟಿಯಿಂದ ತೆಗೆದರು. ಅದಕ್ಕಾಗಿ ಆಗ ಸಾಲ ಮಾಡಿ ಓಡಾಡಿದವರನ್ನು ನೆನೆದರೆ ಸಂಕಟವಾಗುತ್ತದೆ.

ಇದರಲ್ಲಿ ಹೆಂಗಸರಿಗೆ ಸಂಬಂಧಿಸಿದ ಒಂದು ಸಂಗತಿ ಇದೆ. ಆ ಪರೀಕ್ಷೆಗೆ ಮಕ್ಕಳನ್ನು ಹೆತ್ತವರಿಂದ ಪ್ಲಾಸ್ಮಾ ತೆಗೆದುಕೊಳ್ಳಲಿಲ್ಲ. ಅದು ಮಡಿ ಮೈಲಿಗೆಯ ಮಾತಲ್ಲ. ಮಗುವಿನ ಮೈಯಲ್ಲಿ ತಂದೆಯ ಗುಣವೂ ಇರುತ್ತದೆ. ಅದು ತಾಯಿಯ ಮೈಗೆ ಹೊಸದು. ಬಸುರಿಯಾದಾಗ ತಾಯಿಯ ರಕ್ತದಲ್ಲಿ ಅದಕ್ಕೆ ಎದುರಾದ ಅಂಶ ಹುಟ್ಟಬಹುದು. ಅದರಿಂದ ತಾಯಿಗೆ ತೊಂದರೆ ಇಲ್ಲ. ಆ ಪ್ಲಾಸ್ಮಾ ಬೇರೆಯವರಿಗೆ ಹೋದರೆ ಒಮ್ಮೊಮ್ಮೆ ಅವರ ಶ್ವಾಸಕೋಶಕ್ಕೆ ಕೆಡುಕಾಗಬಹುದು. ಅದಕ್ಕೆ ಆ ಎಚ್ಚರಿಕೆ.

ಇಷ್ಟು ಹೇಳಿದಾಗ ಕೇಂದ್ರದ ಒಬ್ಬ ಅಕ್ಕ ಚುರುಕಾದ ಪ್ರಶ್ನೆ ಹಾಕಿದರು. “ನಾವು ಪುಕ್ಕಟೆ ಕೊಡ್ತೀವಿ. ಅವರು ಪುಕ್ಕಟೆ ಕೊಡ್ತಾರಾ? ಬಾಟಲಿಗೆ ದುಡ್ಡು ತಗೋತಾರಲ್ಲ!”

ಇದು ಕೇಳಬೇಕಾದ ಪ್ರಶ್ನೆಯೇ. ರಕ್ತಕ್ಕೆ ಬೆಲೆ ಇಲ್ಲ. ಅದನ್ನು ಪರೀಕ್ಷೆ ಮಾಡಲು, ಚೀಲಕ್ಕೆ, ತಣ್ಣಗೆ ಕಾಪಾಡಲು ಆಗುವ ಖರ್ಚನ್ನು ಮಾತ್ರ ತೆಗೆದುಕೊಳ್ಳಬಹುದು. ಅದಕ್ಕೆ ಮಿತಿ ಇದೆ. 2022ರಲ್ಲಿ ಗೊತ್ತುಮಾಡಿದ ಪ್ರಕಾರ ಒಂದು ಚೀಲ ರಕ್ತಕ್ಕೆ ಸರ್ಕಾರಿ ಬ್ಲಡ್ ಬ್ಯಾಂಕಿನಲ್ಲಿ 1,100 ರೂಪಾಯಿ, ಖಾಸಗಿಯಲ್ಲಿ 1,550 ರೂಪಾಯಿ. ಹೆಚ್ಚಿನ ಪರೀಕ್ಷೆ ಮಾಡಿದರೆ ಅದಕ್ಕೆ ಬೇರೆ. ದುಡ್ಡು ಕಟ್ಟಿದರೆ ರಸೀತಿ ಕೇಳಿ. ರಸೀತಿಯಲ್ಲಿ ಬರೆದ ಮೊತ್ತ ಓದಿ. ಕೂಡಿಸಿ ನೋಡಿ. ಈ ಲೆಕ್ಕ ನಿಮಗೆ ಈಗ ಬರುತ್ತದೆ.

ಇನ್ನು ಪ್ಲಾಸ್ಮಾ. ನಾವು ಕೊಟ್ಟ ಒಂದು ಚೀಲ ರಕ್ತವನ್ನು ಬೇರೆ ಬೇರೆ ಮಾಡುತ್ತಾರೆ. ಕೆಂಪು ಒಬ್ಬರಿಗೆ, ತಿಳಿ ಇನ್ನೊಬ್ಬರಿಗೆ. ಬಳಸಿ ಉಳಿದ ತಿಳಿ ಔಷಧಿ ತಯಾರಿಸುವ ಕಂಪನಿಗೆ ಹೋಗುತ್ತದೆ. ಅದಕ್ಕೆ ಬ್ಲಡ್ ಬ್ಯಾಂಕಿಗೆ ಲೀಟರಿಗೆ ಇಷ್ಟು ಅಂತ ಹಣ ಸಲ್ಲುತ್ತದೆ. ಕೊಟ್ಟವರಿಗೆ ಸಲ್ಲುವುದಿಲ್ಲ. ಅದು ಎಲ್ಲಿ ಹೋಯಿತು, ಬಡ ರೋಗಿಗಳಿಗೆ ಏನು ಅನುಕೂಲ ಆಯಿತು ಅಂತ ಕೇಳುವ ಹಕ್ಕು ನಮಗಿದೆ. ಹಾಗೆ ಕೇಳುವುದು ಬೇರೆ, ನಾವೇ ಮಾರಲು ಹೋಗುವುದು ಬೇರೆ.

ದುಡ್ಡಿನ ರಕ್ತ ಇವತ್ತು ನಮ್ಮ ಹತ್ತಿರ ಬರುವುದು ಹೇಗೆ ಅಂತ ಹೇಳಿಬಿಡುತ್ತೇವೆ. ಮನೆಯವರಿಗೆ ಆಪರೇಷನ್ ಇರುತ್ತದೆ. ‘ನಿಮ್ಮ ಕಡೆಯವರು ಇಬ್ಬರು ರಕ್ತ ಕೊಡಲಿ’ ಅನ್ನುತ್ತಾರೆ. ಪರ ಊರು. ಜೊತೆಗೆ ಯಾರೂ ಇಲ್ಲ. ಗೇಟಿನ ಹತ್ತಿರ ಒಬ್ಬ ಬರುತ್ತಾನೆ. “ಅಕ್ಕಾ, ದುಡ್ಡು ಕೊಡಿ. ನಿಮ್ಮ ತಮ್ಮ ಅಂತ ಬರೆಸ್ತೀನಿ” ಅನ್ನುತ್ತಾನೆ. ಅವನು ನಿನ್ನೆ ಯಾರ ತಮ್ಮ ಆಗಿದ್ದನೋ! ಅವನನ್ನು ನಂಬಬೇಡಿ. ಸೀದಾ ಬ್ಲಡ್ ಬ್ಯಾಂಕಿನ ಒಳಗೆ ಹೋಗಿ, ನಮ್ಮ ಕಡೆ ಯಾರೂ ಇಲ್ಲ ಅಂತ ಹೇಳಿ. ಬದಲಿಗೆ ಜನ ಇಲ್ಲ ಅಂತ ರಕ್ತ ತಡೆಹಿಡಿಯುವುದು ಸರಿಯಲ್ಲ. ಅಲ್ಲಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಕೇಳಿ.

ನಾವು ಕೊಡಬಹುದೇ? ಮನಸ್ಸಿದ್ದರೆ, ಮೈ ಚೆನ್ನಾಗಿದ್ದರೆ ಕೊಡಬಹುದು. ವಯಸ್ಸು 18 ತುಂಬಿರಬೇಕು. ತೂಕ 45 ಕಿಲೋ ಇರಬೇಕು. ಹಿಮೋಗ್ಲೋಬಿನ್ 12.5 ಇರಬೇಕು. ಹೆಂಗಸರು ಒಂದು ಸಲ ಕೊಟ್ಟರೆ ನಾಲ್ಕು ತಿಂಗಳು ಬಿಟ್ಟು ಕೊಡಬೇಕು. ಬಸುರಿಯರು, ಎದೆಹಾಲು ಕೊಡುವವರು, ಹೆರಿಗೆಯಾಗಿ ಒಂದು ವರ್ಷ ಆಗದವರು ಕೊಡಬಾರದು. ಮುಟ್ಟಿನ ದಿನಗಳಲ್ಲೂ ಬೇಡ. ಐವತ್ತು ಕಿಲೋ ತೂಕದ ಹೆಂಗಸಿನಲ್ಲಿ ಸುಮಾರು ಮೂರು ಕಾಲು ಲೀಟರ್ ರಕ್ತ ಇರುತ್ತದೆ. ತೆಗೆಯುವುದು 350 ಮಿಲಿ ಲೀಟರ್. ನೀರಿನ ಭಾಗ ಒಂದೆರಡು ದಿನದಲ್ಲಿ ತುಂಬುತ್ತದೆ. ಕೆಂಪು ತುಂಬಲು ವಾರಗಳು, ಕಬ್ಬಿಣದ ಅಂಶ ತುಂಬಲು ತಿಂಗಳುಗಳು ಬೇಕು.

ನಮ್ಮಲ್ಲಿ ಬಹಳ ಜನ ಹಿಮೋಗ್ಲೋಬಿನ್ ಹತ್ತಿರವೇ ನಿಂತುಬಿಡುತ್ತೇವೆ. 2019-21ರ ಸರ್ಕಾರಿ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತ ಕಡಿಮೆ. ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದು ಉಣ್ಣುವವರಿಗೆ ಇನ್ನೆಷ್ಟು ಇರುತ್ತದೆ? ಇಂಥ ಮೈಯಿಂದ ದುಡ್ಡಿಗಾಗಿ ರಕ್ತ ಕೊಡಿ ಅಂತ ಯಾರಾದರೂ ಕರೆದರೆ ಅವರು ನಮ್ಮ ಕಡೆಯವರಲ್ಲ. ಶಿಬಿರಕ್ಕೆ ಹೋಗಿ, ಬೆರಳು ಚುಚ್ಚಿಸಿಕೊಂಡು, ‘ನಿಮಗೆ ಆಗೋದಿಲ್ಲ’ ಅನ್ನಿಸಿಕೊಂಡರೂ ನಷ್ಟವಿಲ್ಲ. ನಿಮ್ಮ ಹಿಮೋಗ್ಲೋಬಿನ್ ಎಷ್ಟು ಅಂತ ಪುಕ್ಕಟೆ ಗೊತ್ತಾಯಿತು. ಆ ಅಂಕಿಯನ್ನು ಬರೆದುಕೊಂಡು ಆಶಾ ಕಾರ್ಯಕರ್ತೆಗೆ ತೋರಿಸಿ, ಕಬ್ಬಿಣದ ಮಾತ್ರೆ ಕೇಳಿ.

ಕೊಡುವ ಮೊದಲು ಒಂದು ಫಾರಂ ಕೊಡುತ್ತಾರೆ. ಕಾಯಿಲೆ, ಔಷಧಿ, ಹೆರಿಗೆ ಎಲ್ಲ ಕೇಳಿರುತ್ತಾರೆ. ಕನ್ನಡದ ಫಾರಂ ಕೊಡಿ ಅಂತ ಕೇಳಿ. ‘ಇಲ್ಲಿ ಸಹಿ ಮಾಡಮ್ಮ’ ಅಂತ ಅವಸರ ಮಾಡಿದರೂ ಕೂತು ಓದಿ, ಆಮೇಲೆ ಸಹಿ ಹಾಕಿ.

ಕೊನೆಗೆ ಒಬ್ಬ ಅಜ್ಜಿ ತೋಳು ತೋರಿಸಿ, “ಹಚ್ಚೆ ಇದ್ದೋರು ಕೊಡಬಹುದಾ?” ಅಂತ ಕೇಳಿದರು. ಚಿಕ್ಕಂದಿನ ಹಚ್ಚೆಗೆ ಅಡ್ಡಿಯಿಲ್ಲ. ಹಚ್ಚೆ ಹಾಕಿಸಿಕೊಂಡು, ಇಲ್ಲವೇ ಮೂಗು, ಕಿವಿ ಚುಚ್ಚಿಸಿಕೊಂಡು ಒಂದು ವರ್ಷ ಆಗದಿದ್ದರೆ ಬೇಡ. ಆ ಅಜ್ಜಿಗೆ ಮಾತ್ರ ಅರವತ್ತೈದು ದಾಟಿತ್ತು. ನಿಯಮದ ಪ್ರಕಾರ ಅವರು ಕೊಡುವ ಹಾಗಿಲ್ಲ. “ಹೋಗಲಿ ಬಿಡಿ, ನನ್ನ ಮೊಮ್ಮಗಳಿಗೆ ಹೇಳ್ತೀನಿ” ಅಂದರು.